ವೈರಿಗೂ ಒಂದಿಷ್ಟು ಜಾಗ ಕೊಡಿ, ಸ್ವಾಮಿ

ಗ್ರಾಫಿಕ್ಸ್ ಕಾರ್ಡಿನ ಯಾವ ಮೂಲೆಯಲ್ಲಿ ಕರೆಂಟಿನ ಕನೆಕ್ಟರು ಕೂರಬೇಕು ಎಂದು ತೀರ್ಮಾನಿಸುವ ಮಹನೀಯರಿಗೆ,

ಚನ್ನಪಟ್ಟಣದಿಂದ, ಮದುವೆ ವಿಡಿಯೋ ಮಿಕ್ಸಿಂಗ್ ಮಾಡಿ ಹೊಟ್ಟೆ ಹೊರೆಯುವವನೊಬ್ಬನ ನಮಸ್ಕಾರಗಳು. ಉಭಯ ಕುಶಲೋಪರಿ. ಇತ್ತ ನಾವೆಲ್ಲ ಕ್ಷೇಮ. ನಮ್ಮ ಕಂಪ್ಯೂಟರಿನ ಬಾಗಿಲೊಂದು ಮುಚ್ಚುತ್ತಿಲ್ಲ ಎನ್ನುವುದನ್ನು ಬಿಟ್ಟರೆ ಬೇರೆ ವಿಶೇಷವಿಲ್ಲ.

ನಿಮ್ಮ ದೂರದೃಷ್ಟಿಯನ್ನು ಬಲ್ಲೆ. ಬೆಳಕಿನ ಕಿರಣವೊಂದು ಗಾಜಿಗೆ ಬಡಿದು ಎತ್ತ ಚಿಮ್ಮುತ್ತದೆ, ನೀರಿನಲ್ಲಿ ಹೇಗೆ ಒಡೆಯುತ್ತದೆ ಎಂಬುದನ್ನು ಸೆಕೆಂಡಿಗೆ ಅರವತ್ತು ಸಲ ಲೆಕ್ಕ ಹಾಕಿ ತೋರಿಸುವ ಜನ ನೀವು. ಅಂಥವರಿಗೆ, ಬೆರಳುಗಾತ್ರದ ವೈರಿನ ಕಟ್ಟೊಂದು ತಗಡಿಗೆ ಬಡಿದರೆ ಎತ್ತ ಹೋಗಬೇಕು ಎಂಬ ಲೆಕ್ಕ ಹೇಗೆ ತಪ್ಪಿಹೋಯಿತು ಎಂದು ಕೇಳುವುದು ಅಧಿಕಪ್ರಸಂಗವಾದೀತು. ಆದರೂ ಕೇಳುತ್ತೇನೆ. ದುಡ್ಡು ಕೊಟ್ಟವನಿಗೆ ಅಷ್ಟು ಅಧಿಕಪ್ರಸಂಗದ ಹಕ್ಕು ಇದ್ದೇ ಇದೆ.

ಪತ್ರ ಬಹಿರಂಗವಾದ್ದರಿಂದ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡದವರೂ ಇದನ್ನು ಓದಬಹುದು. ಅವರಿಗೆ ಎರಡು ಮಾತು. ನಮ್ಮ ಕಡೆ ಎಲ್ಲರೂ ‘ಸಿಪಿಯು’ ಎಂದೇ ಕರೆಯುವ ಡಬ್ಬಕ್ಕೆ ಅಂಗಡಿಯವರು ಕ್ಯಾಬಿನೆಟ್ಟು ಎನ್ನುತ್ತಾರೆ. ಅದರೊಳಗೆ ಮದರ್‌ಬೋರ್ಡು ನೆಟ್ಟಗೆ ನಿಂತಿರುತ್ತದೆ, ಗ್ರಾಫಿಕ್ಸ್ ಕಾರ್ಡು ಅದಕ್ಕೆ ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಕಾರ್ಡಿನ ಒಂದು ಉದ್ದನೆಯ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿವೆ. ಅವು ಮದರ್‌ಬೋರ್ಡಿನ ಸ್ಲಾಟಿನೊಳಗೆ ಕೂರುತ್ತವೆ. ಆ ಸ್ಲಾಟಿನಿಂದ ಸಿಗುವ ಕರೆಂಟು ಹೆಚ್ಚೆಂದರೆ 75 ವ್ಯಾಟ್. ಅದು ಸಾಲದ ಕಾರ್ಡಿಗೆ, ಕರೆಂಟು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ನೇರವಾಗಿ ವೈರು ಎಳೆಯಬೇಕು. ಆರು ಪಿನ್ನಿನ ಕನೆಕ್ಟರಾದರೆ ಇನ್ನೊಂದು 75, ಎಂಟು ಪಿನ್ನಿನದಾದರೆ 150, 2022ರಲ್ಲಿ ನೀವು ಪೇಟೆಗೆ ಬಿಟ್ಟ ಹದಿನಾರು ಪಿನ್ನಿನದಾದರೆ 600 ವ್ಯಾಟ್‌ವರೆಗೆ. ಈ ವೈರು ಸಿಕ್ಕಿಸುವ ಬಾಯಿಯನ್ನು ನೀವಿಟ್ಟಿರುವುದು ಹಲ್ಲುಗಳಿಗೆ ಎದುರಿನ ಅಂಚಿನಲ್ಲಿ. ಅಂದರೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿಗೆ, ಸೈಡ್ ಪ್ಯಾನೆಲ್ ಎನ್ನುತ್ತೇವಲ್ಲ ಅದಕ್ಕೆ, ನೇರ ಮುಖಾಮುಖಿಯಾಗಿ.

ನ್ಯಾಯವಾಗಿ ಹೇಳಬೇಕೆಂದರೆ ದೊಡ್ಡ ಟವರ್ ಕ್ಯಾಬಿನೆಟ್ಟಿನಲ್ಲಿ ಇದಕ್ಕಿಂತ ಅನುಕೂಲದ ಜಾಗವಿಲ್ಲ. ಪ್ಯಾನೆಲ್ ತೆಗೆದರೆ ಕನೆಕ್ಟರು ಕಣ್ಣೆದುರಿಗೇ ಇರುತ್ತದೆ. ಕೈ ಹಾಕಿ ಒತ್ತಬಹುದು, ಕ್ಲಿಕ್ ಎಂದದ್ದು ಕೇಳಿಸುತ್ತದೆ. ಇಪ್ಪತ್ತು ವರ್ಷದ ಹಿಂದೆ ಎಷ್ಟೋ ಕಾರ್ಡುಗಳಿಗೆ ಇದು ಬಾಲದ ತುದಿಯಲ್ಲಿತ್ತು. ಆಗ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಹಾರ್ಡ್‌ಡಿಸ್ಕುಗಳ ಗೂಡು ಇರುತ್ತಿತ್ತು. ಕಾರ್ಡು ಉದ್ದವಾದಂತೆಲ್ಲ ಬಾಲದ ವೈರು ಹೋಗಿ ಆ ಗೂಡಿಗೆ ತಾಗುತ್ತಿತ್ತು. ಕನೆಕ್ಟರು ಬಾಲದಿಂದ ಬೆನ್ನಿಗೆ ಬಂದದ್ದಕ್ಕೆ ಅರ್ಥವಿತ್ತು. ಆಮೇಲೆ ಹಾರ್ಡ್‌ಡಿಸ್ಕಿನ ಗೂಡೇ ಮಾಯವಾಯಿತು. ಕನೆಕ್ಟರು ಮಾತ್ರ ಬೆನ್ನಿನಲ್ಲೇ ಉಳಿಯಿತು. ಬಾಡಿಗೆಗೆ ಬಂದವರು ಮಾಲೀಕರಾಗುವುದು ನಮ್ಮೂರಲ್ಲೂ ಉಂಟು, ಅದಕ್ಕೆ ನಿಮ್ಮೊಬ್ಬರನ್ನೇ ದೂರಲಾರೆ.

‘ಹಾಗಾದರೆ ದೊಡ್ಡ ಕ್ಯಾಬಿನೆಟ್ಟನ್ನೇ ಇಟ್ಟುಕೋ, ಯಾರು ಬೇಡವೆಂದರು?’ ಎನ್ನುತ್ತೀರಿ. ಬೇಡವೆಂದದ್ದು ನನ್ನ ಕಸುಬು. ಮೊದಲೆಲ್ಲ ಮದುವೆ ಮುಗಿದು ಮೂರು ತಿಂಗಳಿಗೆ ಕ್ಯಾಸೆಟ್ಟು ಕೊಟ್ಟರೂ ಯಾರೂ ಮಾತಾಡುತ್ತಿರಲಿಲ್ಲ. ಈಗ ಧಾರೆ ಮುಗಿದು ಎರಡನೇ ಪಂಕ್ತಿ ಏಳುವ ಹೊತ್ತಿಗೆ ಬೆಳಗಿನ ಚಪ್ಪರಶಾಸ್ತ್ರದ ತುಣುಕು ಛತ್ರದ ಎಲ್‌ಇಡಿ ಪರದೆಯ ಮೇಲೆ ಬರಬೇಕು. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನಿಗೆ ಯೂಟ್ಯೂಬಿನಲ್ಲಿ ಲೈವ್ ಹೋಗಬೇಕು. ಸಿಸ್ಟಮ್ಮನ್ನು ಛತ್ರಕ್ಕೆ ಹೊತ್ತುಕೊಂಡೇ ಹೋಗಬೇಕು, ಅದೂ ಬೈಕಿನಲ್ಲಿ, ನಡುವೆ ಕ್ಯಾಮೆರಾ ಬ್ಯಾಗು, ಹಿಂದೆ ಸ್ಟ್ಯಾಂಡು ಹಿಡಿದ ಹುಡುಗ. ಸಾಮಾನ್ಯ ಟವರ್ ಕ್ಯಾಬಿನೆಟ್ಟಿನ ಗಾತ್ರ 40 ಲೀಟರ್ ದಾಟುತ್ತದೆ. ಅದನ್ನು ಮುಂದಿಟ್ಟುಕೊಂಡು ಗಾಡಿ ಓಡಿಸಿದರೆ ನನಗೆ ರಸ್ತೆ ಕಾಣುವುದಿಲ್ಲ. ಲ್ಯಾಪ್‌ಟಾಪ್ ತಗೋ ಎನ್ನುವವರು, ಅದೇ ಬೆಲೆಯ ಲ್ಯಾಪ್‌ಟಾಪು ಮೇ ತಿಂಗಳಲ್ಲಿ, ತಗಡು ಹೊದಿಸಿದ ಛತ್ರದಲ್ಲಿ, ನಾಲ್ಕು ಕ್ಯಾಮೆರಾ ಒಟ್ಟಿಗೆ ತಿನ್ನುತ್ತ ಎಷ್ಟು ಹೊತ್ತು ಉಸಿರು ಹಿಡಿಯುತ್ತದೆ ಎಂದು ಒಮ್ಮೆ ಬಂದು ನೋಡಲಿ.

ಆದ್ದರಿಂದ ಸಣ್ಣ ಕ್ಯಾಬಿನೆಟ್ಟು. ಇದೇನು ನಾವು ಕಂಡುಹಿಡಿದ ತೆವಲಲ್ಲ. ತೈವಾನಿನ ವಿಐಎ ಕಂಪನಿ 170 ಮಿಲಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಬೋರ್ಡಿನ ಅಳತೆಯನ್ನು 2001ರಲ್ಲೇ ಕೊಟ್ಟಿತು. 2016ರಲ್ಲಿ ಜನರಿಂದ ಚಂದಾ ಎತ್ತಿ ಪೇಟೆಗೆ ಬಂದ ಡಾನ್ ಎ4 ಎಂಬ ಕ್ಯಾಬಿನೆಟ್ಟು ಸುಮಾರು 7.2 ಲೀಟರಿನೊಳಗೆ ಪೂರ್ಣ ಉದ್ದದ ಗ್ರಾಫಿಕ್ಸ್ ಕಾರ್ಡನ್ನು ಕೂರಿಸಿ ತೋರಿಸಿತು. ಸಣ್ಣದಕ್ಕೆ ದೊಡ್ಡದಕ್ಕಿಂತ ಹೆಚ್ಚು ದುಡ್ಡು, ಅದನ್ನೂ ಕೊಟ್ಟಿದ್ದೇವೆ. ಕಡಿಮೆ ತಗಡಿಗೆ ಹೆಚ್ಚು ಬೆಲೆ ಯಾಕೆ ಎಂದು ಕೇಳಿದ್ದರೆ ಈ ಪತ್ರ ಇನ್ನೂ ಉದ್ದವಾಗುತ್ತಿತ್ತು.

ಈಗ ಅಳತೆಗೆ ಬರೋಣ. ಪಿಸಿಐ ಎಕ್ಸ್‌ಪ್ರೆಸ್ ನಿಯಮದಲ್ಲಿ ಪೂರ್ಣ ಎತ್ತರದ ಕಾರ್ಡೆಂದರೆ 111.15 ಮಿಲಿಮೀಟರ್. ದಶಮಾಂಶದವರೆಗೆ ಬರೆದಿದ್ದೀರಿ, ಮೆಚ್ಚಿದೆ. ಬರೆದ ಮೇಲೆ ಅದನ್ನು ಪಾಲಿಸುವ ಗೋಜಿಗೆ ಹೋಗಲಿಲ್ಲ, ಅದನ್ನೂ ಮೆಚ್ಚಬೇಕೇ? ಎನ್ವಿಡಿಯಾ ತಾನೇ ಮಾಡಿ ಮಾರಿದ ಆರ್‌ಟಿಎಕ್ಸ್ 4090 ಕಾರ್ಡಿನ ಎತ್ತರ 137 ಮಿ.ಮೀ. ಉಳಿದ ಕಂಪನಿಗಳ ಕಾರ್ಡುಗಳು ಅದನ್ನೂ ದಾಟಿ ಬೆಳೆದವು. ಇದು ಬರೀ ಕಾರ್ಡಿನ ಎತ್ತರ. ಹದಿನಾರು ಪಿನ್ನಿನ ವೈರು ಕನೆಕ್ಟರಿನಿಂದ ಹೊರಬಿದ್ದ ಮೇಲೆ 35 ಮಿ.ಮೀ.ಯಾದರೂ ನೆಟ್ಟಗೆ ಹೋಗಿ ಆಮೇಲೆ ಬಾಗಬೇಕೆಂದು ಕೇಬಲ್ ಮಾಡುವವರೇ ಹೇಳುತ್ತಾರೆ. 137ಕ್ಕೆ 35 ಕೂಡಿಸಿದರೆ 172. ನಿಮ್ಮ ಡಬ್ಬದ ಮೇಲೆ ಅಚ್ಚಾಗುವುದು 137. ಕ್ಯಾಬಿನೆಟ್ಟಿನವರ ಡಬ್ಬದ ಮೇಲೆ ‘ಇಷ್ಟು ಎತ್ತರದ ಕಾರ್ಡು ಹಿಡಿಸುತ್ತದೆ’ ಎಂದು ಅವರ ಲೆಕ್ಕ. ನಡುವಿನ 35 ಮಿಲಿಮೀಟರ್ ಇಬ್ಬರ ಖಾತೆಯಲ್ಲೂ ಇಲ್ಲ. ಅದು ನೇರವಾಗಿ ಬಂದು ಗಿರಾಕಿಯ ಖಾತೆಗೆ ಬೀಳುತ್ತದೆ.

ನನ್ನ ಕಾರ್ಡು ಅಷ್ಟು ದೊಡ್ಡದೂ ಅಲ್ಲ. 115 ವ್ಯಾಟಿನ ಬಡಪಾಯಿ, ಎಂಟು ಪಿನ್ನಿನ ಒಂದು ಕನೆಕ್ಟರು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದದ್ದು. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ, ಈ ನಾಲ್ಕೂ ಊರಿನವರಿಗೆ ಕಂಪ್ಯೂಟರಿನ ಬಿಡಿಭಾಗವೆಂದರೆ ಎಸ್‌.ಪಿ. ರಸ್ತೆಯೇ. ನಮಗೆ ರೈಲಿದೆ, ಕನಕಪುರ ಮತ್ತು ಮಾಗಡಿಯವರಿಗೆ ಬಸ್ಸು. ಅಂಗಡಿಯಲ್ಲಿ ಕಾರ್ಡನ್ನೂ ಕ್ಯಾಬಿನೆಟ್ಟನ್ನೂ ಪಕ್ಕಪಕ್ಕ ಇಟ್ಟು, ‘ಸೈಡ್ ಪ್ಯಾನೆಲ್ ಮುಚ್ಚುತ್ತಾ ಸಾರ್?’ ಎಂದು ಕೇಳಿದೆ. ‘ಅಡ್ಜಸ್ಟ್ ಆಗುತ್ತೆ ಬಿಡಿ’ ಎಂದರು. ಕರ್ನಾಟಕದಲ್ಲಿ ಈ ಮಾತಿಗೆ ಎದುರುತ್ತರವಿಲ್ಲ. ಮನೆಗೆ ಬಂದು ಜೋಡಿಸಿದಾಗ ತಿಳಿಯಿತು, ಅಡ್ಜಸ್ಟ್ ಆಗಬೇಕಾದವನು ನಾನು. ವೈರು ಪ್ಯಾನೆಲ್ಲನ್ನು ಹೊರಕ್ಕೆ ತಳ್ಳುತ್ತದೆ, ಪ್ಯಾನೆಲ್ಲು ವೈರನ್ನು ಒಳಕ್ಕೆ ತಳ್ಳುತ್ತದೆ. ಇಬ್ಬರ ಜಗಳದಲ್ಲಿ ಕನೆಕ್ಟರು ಕುತ್ತಿಗೆ ಓರೆ ಮಾಡಿಕೊಂಡು ಕೂತಿದೆ.

ಲೆಕ್ಕ ನೋಡಿದರೆ ನಗು ಬರುತ್ತದೆ. 115 ವ್ಯಾಟಿನಲ್ಲಿ 75 ಸ್ಲಾಟಿನಿಂದಲೇ ಸಿಗಬಹುದು. ಕೊರತೆ ಬೀಳುವುದು 40. ನಮ್ಮಜ್ಜಿ ಅಡುಗೆಮನೆಗೆ ಹಾಕಿಸಿದ್ದ ‘ನಲವತ್ತು ಕ್ಯಾಂಡ್ಲು ಬಲ್ಬು’ ತಿನ್ನುತ್ತಿದ್ದಷ್ಟು. ಅಷ್ಟಕ್ಕಾಗಿ 150 ವ್ಯಾಟ್ ಸಾಗಿಸಬಲ್ಲ, ಹಗ್ಗದಷ್ಟು ಬಿರುಸಾದ ವೈರಿನ ಕಟ್ಟನ್ನು ಬೆನ್ನಿನ ಮೇಲೆ ನಿಲ್ಲಿಸಿಕೊಂಡು ಓಡಾಡಬೇಕು.

ಇದು ನನ್ನೊಬ್ಬನ ಗೋಳಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ, ಹಣೆಬರಹ ಎನ್ನುತ್ತಿದ್ದೆ. ರಾಮನಗರದಲ್ಲಿ ಆಲ್ಬಮ್ ಡಿಸೈನ್ ಮಾಡುವ ಗೆಳೆಯನೊಬ್ಬ ಪ್ಯಾನೆಲ್ಲನ್ನೇ ಬಿಚ್ಚಿ ಮಂಚದ ಕೆಳಗೆ ಹಾಕಿದ್ದಾನೆ. ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂದು ಹೆಸರಿದ್ದ ಊರಿನಲ್ಲಿ ಕ್ಯಾಬಿನೆಟ್ಟೊಂದು ಕ್ಲೋಸ್ ಆಗುತ್ತಿಲ್ಲ. ತೆರೆದ ಬದಿಗೆ ಟೇಬಲ್ ಫ್ಯಾನು ತಿರುಗಿಸಿಟ್ಟಿದ್ದಾನೆ. ಒಳಗೆ ಬೆಚ್ಚಗಿರುತ್ತದೆಂದು ಹಲ್ಲಿಯೊಂದು ಬಂದು ಸೇರಿಕೊಂಡಿದೆ. ಅದಕ್ಕೆ ಮಾತ್ರ ನಿಮ್ಮ ವಿನ್ಯಾಸ ಹಿಡಿಸಿದೆ. ಕನಕಪುರದ ಫ್ಲೆಕ್ಸ್ ಅಂಗಡಿಯವರದು ಮಂಡಿಯುದ್ದದ ಹಳೇ ಟವರು. ಅವರಿಗೆ ಈ ತಾಪತ್ರಯ ಗೊತ್ತೇ ಇಲ್ಲ. ‘ಏನ್ ಸಾರ್, ಒಂದು ವೈರಿಗೆ ಇಷ್ಟು ಮಾತಾ?’ ಎನ್ನುತ್ತಾರೆ. ಮಾಗಡಿಯ ಕಾಲೇಜು ಹುಡುಗ ಮಾತ್ರ ಜಾಣ. ಕನೆಕ್ಟರೇ ಇಲ್ಲದ, ಸ್ಲಾಟಿನ 75 ವ್ಯಾಟಿನಲ್ಲೇ ಜೀವನ ಮಾಡುವ ಜಿಟಿಎಕ್ಸ್ 1650 ತಂದುಕೊಂಡ. ಅದು 2019ರ ಕಾರ್ಡು. ಈಗಿನ ಆಟಗಳನ್ನು ಅದು ಓಡಿಸುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ.

ನನ್ನ ಎಂಟು ಪಿನ್ನಿನದು ಬರೀ ಕಿರಿಕಿರಿ. ಹದಿನಾರು ಪಿನ್ನಿನವರದು ಕಿರಿಕಿರಿಯಲ್ಲ, ಬೆಂಕಿಯ ಮಾತು. ಅಲ್ಲಿ ಕನೆಕ್ಟರಿನ ಜಾಗ ಅಂದಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. 600 ವ್ಯಾಟನ್ನು 12 ವೋಲ್ಟಿನಲ್ಲಿ ಸಾಗಿಸಿದರೆ 50 ಆಂಪಿಯರ್. ಮನೆಯ ಗೀಸರಿಗೆ ಹಾಕಿಸುವ ದಪ್ಪ ಪ್ಲಗ್ಗು 16 ಆಂಪಿಯರಿನದು. ಅದರ ಮೂರು ಪಟ್ಟಿಗೂ ಹೆಚ್ಚಿನ ಕರೆಂಟು ಹೆಬ್ಬೆರಳಿನ ಅಗಲದ ಪ್ಲಾಸ್ಟಿಕ್ಕಿನೊಳಗೆ, ಆರು ಜೊತೆ ಪಿನ್ನುಗಳಲ್ಲಿ ಹಂಚಿಕೊಂಡು ಹರಿಯಬೇಕು. ಒಂದೊಂದು ಪಿನ್ನಿಗೆ 8.3 ಆಂಪಿಯರ್, ಪಿನ್ನಿನ ತಾಕತ್ತು 9.5ರ ಆಸುಪಾಸು. ಹಳೆಯ ಎಂಟು ಪಿನ್ನಿನದರಲ್ಲಿ 150 ವ್ಯಾಟಿಗೆ ಮೂರು ಪಿನ್ನು, ಒಂದೊಂದಕ್ಕೆ ನಾಲ್ಕು ಆಂಪಿಯರ್ ಚಿಲ್ಲರೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ತಾಕತ್ತು ಆಪತ್ಕಾಲಕ್ಕೆ ಮೀಸಲಿರುತ್ತಿತ್ತು. ನೀವು ಆ ಮೀಸಲನ್ನು ಕರಗಿಸಿ ಜಾಗ ಉಳಿಸಿದಿರಿ. ಅಷ್ಟು ಸಾಲದೆಂದು, ಬಾಗಿಲು ತಾಗುವ ಜಾಗದಲ್ಲೇ ಅದನ್ನು ನಿಲ್ಲಿಸಿದಿರಿ. ವೈರು ಒಂದು ಕಡೆಗೆ ಎಳೆದರೆ ಒಳಗಿನ ಪಿನ್ನುಗಳಲ್ಲಿ ಕೆಲವು ಗಟ್ಟಿಯಾಗಿ ಹಿಡಿಯುತ್ತವೆ, ಕೆಲವು ಸಡಿಲವಾಗುತ್ತವೆ. ಕರೆಂಟು ಗಟ್ಟಿ ಹಿಡಿದವನ ಹೆಗಲಿಗೇ ಹೊರೆ ಹಾಕುತ್ತದೆ. ಹೊರೆ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 2025ರ ಫೆಬ್ರವರಿಯಲ್ಲಿ ಜರ್ಮನಿಯ ರೋಮನ್ ಹಾರ್ಟುಂಗ್, ಡೆರ್‌ಬಾವರ್ ಎಂದೇ ಹೆಸರಾದವರು, ಆರ್‌ಟಿಎಕ್ಸ್ 5090 ಕಾರ್ಡೊಂದರ ವೈರುಗಳನ್ನು ಅಳೆದರು. ಒಂದು ವೈರಿನಲ್ಲಿ 20 ಆಂಪಿಯರಿಗೂ ಹೆಚ್ಚು ಹರಿಯುತ್ತಿತ್ತು, ಎಸ್‌ಎಂಪಿಎಸ್ ತುದಿಯ ಕನೆಕ್ಟರು 150 ಡಿಗ್ರಿ ಸೆಲ್ಸಿಯಸ್ ತಲುಪಿತ್ತು.

ಕನೆಕ್ಟರುಗಳು ಕರಗಿದ ಫೋಟೋಗಳು ಮೊದಲು ಹೊರಬಂದದ್ದು 2022ರ ಅಕ್ಟೋಬರಿನಲ್ಲಿ, ಆರ್‌ಟಿಎಕ್ಸ್ 4090 ಕಾರ್ಡು ಪೇಟೆಗೆ ಬಂದ ತಿಂಗಳೇ. ನವೆಂಬರಿನಲ್ಲಿ ಎನ್ವಿಡಿಯಾ ಹೇಳಿಕೆ ಕೊಟ್ಟಿತು: ಗಮನಕ್ಕೆ ಬಂದಿರುವುದು ಸುಮಾರು 50 ಪ್ರಕರಣ, ಸಾಮಾನ್ಯವಾಗಿ ಕಂಡ ಕಾರಣ ಕನೆಕ್ಟರನ್ನು ಪೂರ್ತಿ ಒತ್ತದೇ ಇದ್ದದ್ದು. ಸರಿಯೇ, ಪೂರ್ತಿ ಒತ್ತದಿದ್ದರೆ ಬಿಸಿಯಾಗುತ್ತದೆ. ಆದರೆ ನಮಗಿತ್ತ ಆಜ್ಞೆಗಳನ್ನೆಲ್ಲ ಒಟ್ಟಿಗೆ ಓದಿ ನೋಡಿ. ಪೂರ್ತಿ ಒತ್ತು. ಒತ್ತಿದ ಮೇಲೆ ಬಗ್ಗಿಸಬೇಡ. ಬಗ್ಗಿಸದೆ ಬಾಗಿಲು ಮುಚ್ಚು. ಬಾಗಿಲಿಗೂ ಕನೆಕ್ಟರಿಗೂ ನಡುವೆ ಜಾಗವಿಲ್ಲ ಎನ್ನುವುದು ನಿನ್ನ ಸ್ವಂತ ವಿಚಾರ. ನಮ್ಮೂರ ಅತ್ತೆಯರೂ ಸೊಸೆಗೆ ಇಷ್ಟು ಅಚ್ಚುಕಟ್ಟಾಗಿ ಹೇಳಲಾರರು.

ದಾರಿ ತೋರಿಸುವವರೂ ಬಂದರು. ವೈರನ್ನು ಬಗ್ಗಿಸದೆಯೇ 90 ಅಥವಾ 180 ಡಿಗ್ರಿ ತಿರುಗಿಸುವ ಪುಟ್ಟ ಅಡಾಪ್ಟರುಗಳನ್ನು ಕೇಬಲ್‌ಮಾಡ್ ಕಂಪನಿ ಮಾರಿತು. ಸಣ್ಣ ಕ್ಯಾಬಿನೆಟ್ಟಿನವರಿಗೆ ಹೇಳಿ ಮಾಡಿಸಿದಂತಿತ್ತು. ಅವೂ ಕರಗತೊಡಗಿದವು. 2023ರ ಡಿಸೆಂಬರಿನಲ್ಲಿ ಕಂಪನಿಯೇ ವಾಪಸು ಕೇಳಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಧಿಕೃತವಾಗಿ ಪ್ರಕಟಿಸಿದ ಲೆಕ್ಕದಲ್ಲಿ ಅಂಥ ಅಡಾಪ್ಟರುಗಳು ಸುಮಾರು 25,300, ಬಂದ ದೂರುಗಳು 272. ನೀವು ಬಿಟ್ಟ 35 ಮಿಲಿಮೀಟರನ್ನು ತುಂಬಲು ಇನ್ನೊಬ್ಬರು ಅಡಾಪ್ಟರು ಮಾಡಿ, ಕೈಸುಟ್ಟುಕೊಂಡು, ದುಡ್ಡು ವಾಪಸು ಕೊಟ್ಟರು. ನಿಮ್ಮ ಕನೆಕ್ಟರು ಇದ್ದ ಜಾಗದಲ್ಲೇ ಇತ್ತು.

ಕರಗುವುದು ಅಂದರೆ ಏನೆಂದು ಚನ್ನಪಟ್ಟಣದವರಿಗೆ ನೀವು ಹೇಳಿಕೊಡಬೇಕಾಗಿಲ್ಲ. ನಮ್ಮೂರ ಆಟಿಕೆಯ ಕಸುಬೇ ಕರಗಿಸುವುದರ ಮೇಲೆ ನಿಂತಿದೆ. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ಎಷ್ಟು ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಕೈಗೆ ಗೊತ್ತು. ನಮ್ಮ ಅಂಗಡಿಯ ಹಿಂದಿನ ಬೀದಿಯ ಆಟಿಕೆ ಕೆಲಸದ ಹಿರಿಯರೊಬ್ಬರಿಗೆ ಫೋನಿನಲ್ಲಿ ಕರಗಿದ ಕನೆಕ್ಟರಿನ ಚಿತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, ‘ಇದನ್ನ ಮಾಡ್ದೋರು ಅದನ್ನ ಯಾರಾದ್ರೂ ಕೈಯಲ್ಲಿ ಹಿಡ್ಕೊಳ್ಳೋದು ನೋಡವ್ರಾ?’ ಎಂದರು. ಮಗು ಆಟಿಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತು. ಅದಕ್ಕೇ ಅಂಚು ಉರುಟು, ಅದಕ್ಕೇ ಅರಗಿಗೆ ಅರಿಸಿನದಂಥ ಬಣ್ಣ ಬೆರೆಸುವವರು ಈಗಲೂ ಇದ್ದಾರೆ. ‘ನಿಮ್ಮ ಮಗು ಚೀಪಿದ ರೀತಿ ಸರಿಯಿಲ್ಲ’ ಎಂದು ಚನ್ನಪಟ್ಟಣದ ಯಾವ ಆಟಿಕೆಯವನೂ ತಾಯಿಯೊಬ್ಬಳಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

ನೀವೂ ಸುಮ್ಮನೆ ಕೂರಲಿಲ್ಲ, ಹದಿನಾರು ಪಿನ್ನಿನ ಕನೆಕ್ಟರಿನ ಹೆಸರು ಬದಲಾಯಿಸಿದಿರಿ. 12ವಿಎಚ್‌ಪಿಡಬ್ಲ್ಯುಆರ್ ಎಂದಿದ್ದದ್ದು 2023ರಲ್ಲಿ 12ವಿ-2x6 ಆಯಿತು. ನಮ್ಮ ಜಿಲ್ಲೆಗೂ ಇದರ ಅನುಭವವಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಒಡೆದು ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ನಮ್ಮಲ್ಲಿ ಬೋರ್ಡು ಬದಲಾದರೂ ಬಸ್ ಸ್ಟ್ಯಾಂಡು ಅಲ್ಲೇ ಇದೆ. ನಿಮ್ಮಲ್ಲಿ ಸ್ವಲ್ಪ ಹೆಚ್ಚಿನ ಕೆಲಸ ನಡೆದಿದೆ, ಅದನ್ನು ಒಪ್ಪಲೇಬೇಕು. ಕಾವಲಿಗಿದ್ದ ನಾಲ್ಕು ಸಣ್ಣ ಪಿನ್ನುಗಳನ್ನು 1.5 ಮಿ.ಮೀ. ಗಿಡ್ಡ ಮಾಡಿದಿರಿ. ಪೂರ್ತಿ ಒತ್ತದಿದ್ದರೆ ಈಗ ಕಾರ್ಡಿಗೆ ಅದು ಗೊತ್ತಾಗುತ್ತದೆ. ಕರೆಂಟಿನ ಪಿನ್ನುಗಳನ್ನು 0.25 ಮಿ.ಮೀ. ಉದ್ದ ಮಾಡಿದಿರಿ. ಒಟ್ಟಿನಲ್ಲಿ, ಕಾಲು ಮಿಲಿಮೀಟರಿನ ಮಹತ್ವ ನಿಮಗೆ ಗೊತ್ತು. ಹಾಗಿದ್ದ ಮೇಲೆ ಮೂವತ್ತೈದು ಮಿಲಿಮೀಟರಿನ ಮಹತ್ವ ತಿಳಿಯದು ಎಂದರೆ ನಂಬುವುದು ಹೇಗೆ?

ಬೇರೆ ಜಾಗದಲ್ಲಿಡಲು ನಿಮಗೆ ಬರುವುದಿಲ್ಲವೆಂದೂ ಅಲ್ಲ. ಆರ್‌ಟಿಎಕ್ಸ್ ಎ6000, ಆರ್‌ಟಿಎಕ್ಸ್ 6000 ಅಡಾ ಎಂಬ ಕಾರ್ಡುಗಳಿವೆಯಲ್ಲ, ಸ್ಟುಡಿಯೋಗಳಿಗೂ ಸರ್ವರುಗಳಿಗೂ ಮಾರುವಂಥವು, 300 ವ್ಯಾಟ್ ತಿನ್ನುವಂಥವು? ಅವುಗಳ ಕನೆಕ್ಟರು ಬಾಲದ ತುದಿಯಲ್ಲಿದೆ. ಸರ್ವರಿನ ಡಬ್ಬದಲ್ಲಿ ಕಾರ್ಡಿಗೂ ಮುಚ್ಚಳಕ್ಕೂ ನಡುವೆ ಜಾಗವಿರುವುದಿಲ್ಲ, ವೈರು ಹಿಂದಿನಿಂದ ನೆಟ್ಟಗೆ ಹೊರಟರೆ ಮಾತ್ರ ಬಾಗಿಲು ಮುಚ್ಚುತ್ತದೆ ಎಂದು ನೀವೇ ಕಂಡುಕೊಂಡಿದ್ದೀರಿ. ಅದೇ ಡಬ್ಬ ಚನ್ನಪಟ್ಟಣದಲ್ಲಿ ಮೆಟ್ಟಿಲ ಕೆಳಗಿರುವ ನನ್ನ ಅಂಗಡಿಯಲ್ಲಿದ್ದರೆ ಈ ಜ್ಞಾನ ಮರೆತುಹೋಗುತ್ತದೆ. ಕನೆಕ್ಟರೇ ಇಲ್ಲದ ಗಟ್ಟಿ ಕಾರ್ಡೂ ನಿಮ್ಮಲ್ಲಿದೆ. ಆರ್‌ಟಿಎಕ್ಸ್ 4000 ಎಸ್‌ಎಫ್‌ಎಫ್ ಅಡಾ, 20 ಜಿಬಿ ಮೆಮೊರಿ, ಬರೀ 70 ವ್ಯಾಟ್, ನನ್ನ ಕೆಲಸಕ್ಕೆ ಹಬ್ಬ. 2023ರಲ್ಲಿ ಬಂದಾಗ ಬೆಲೆ 1,250 ಡಾಲರ್, ಅಂದರೆ ಲಕ್ಷದ ಮೇಲೆ. ಅಷ್ಟು ದುಡ್ಡಿದ್ದರೆ ಮೆಟ್ಟಿಲ ಕೆಳಗೆ ಯಾಕೆ ಕೂರುತ್ತಿದ್ದೆ?

ಇನ್ನುಳಿದವರೂ ಏನೇನೋ ಮಾಡುತ್ತಿದ್ದಾರೆ. ಆಸುಸ್ ಕಂಪನಿ ಮದರ್‌ಬೋರ್ಡಿನ ಸ್ಲಾಟಿನ ಪಕ್ಕದಲ್ಲೇ ಇನ್ನೊಂದು ಸ್ಲಾಟು ಕೊಟ್ಟು, 600 ವ್ಯಾಟನ್ನು ಬೋರ್ಡಿನ ಮೂಲಕವೇ ಕಳಿಸುವ ಉಪಾಯ ಮಾಡಿತು. ವೈರೇ ಕಾಣುವುದಿಲ್ಲ. ಆದರೆ ಬೋರ್ಡು, ಕಾರ್ಡು, ಕ್ಯಾಬಿನೆಟ್ಟು ಮೂರೂ ಅದೇ ಜಾತಿಯವಾಗಿರಬೇಕು. ಸಫೈರ್ ಕಂಪನಿ 2025ರಲ್ಲಿ ತನ್ನ ಒಂದು ಕಾರ್ಡಿಗೆ ಬೆನ್ನಿನ ತಗಡಿನ ಅಡಿಯಲ್ಲಿ ಕನೆಕ್ಟರನ್ನು ಅಡಗಿಸಿತು. ಎನ್ವಿಡಿಯಾ ಕೂಡ ತನ್ನ 5090ರಲ್ಲಿ ಅದನ್ನು ಓರೆಯಾಗಿ ಒಳಕ್ಕೆ ತಗ್ಗಿಸಿ ಕೂರಿಸಿದೆ. ಬುದ್ಧಿ ಎಲ್ಲರಿಗೂ ಇದೆ. ಅದು ಮೇಲಿನ ಮಹಡಿಯಿಂದ ಕೆಳಗಿಳಿಯುತ್ತಿಲ್ಲ, ಅಷ್ಟೆ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಈಗಿನ ಕಾರ್ಡುಗಳಲ್ಲಿ ಒಳಗಿನ ಬೋರ್ಡು ಗಿಡ್ಡ, ಮೇಲಿನ ಫ್ಯಾನು ಮತ್ತು ಅಲ್ಯೂಮಿನಿಯಮ್ಮಿನ ರೆಕ್ಕೆಗಳು ಉದ್ದ. ಬೋರ್ಡು ಮುಗಿದ ಮೇಲೂ ಗಾಳಿ ಆಚೆ ದಾಟಿಹೋಗಲೆಂದು ಹಾಗೆ ಮಾಡುತ್ತೀರಿ. ಬೋರ್ಡಿನ ತುದಿಯಲ್ಲಿ ಕನೆಕ್ಟರು ಇಟ್ಟರೆ ಅದು ರೆಕ್ಕೆಗಳ ನಡುವೆ ಹೂತುಹೋಗುತ್ತದೆ. ಬಾಲದವರೆಗೆ ತರಬೇಕೆಂದರೆ ಒಳಗೇ ಇನ್ನೊಂದು ತುಂಡು ವೈರು ಎಳೆಯಬೇಕು. ಇನ್ನೊಂದು ಕೀಲು, ಇನ್ನೊಂದಿಷ್ಟು ಖರ್ಚು. ಒಪ್ಪಿದೆ. ಬಾಲದಲ್ಲಿಟ್ಟರೆ ಉದ್ದದಲ್ಲಿ ಜಾಗ ಬೇಕು, ಅದೂ ಸಣ್ಣ ಕ್ಯಾಬಿನೆಟ್ಟಿನಲ್ಲಿ ದುಬಾರಿಯೇ. ಹಾಗಾಗಿ ಎಲ್ಲ ಕಾರ್ಡಿನದೂ ನಾಳೆಯೇ ಬಾಲಕ್ಕೆ ಹೋಗಲಿ ಎಂದು ನಾನು ಕೇಳುವುದಿಲ್ಲ. ಜಾಗ ಎಲ್ಲೇ ಕೊಡಿ, ಕೊಟ್ಟ ಜಾಗವನ್ನು ಲೆಕ್ಕಕ್ಕೆ ಹಿಡಿಯಿರಿ ಎಂದಷ್ಟೇ ಕೇಳುತ್ತೇನೆ.

ಇದು ಅಸಾಧ್ಯವಲ್ಲ ಎನ್ನುವುದಕ್ಕೆ ಸಾಕ್ಷಿಯೂ ನಿಮ್ಮಿಂದಲೇ ಬಂದಿದೆ. 2024ರ ಜೂನ್‌ನಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದ ಹೊತ್ತಿಗೆ ಎನ್ವಿಡಿಯಾ ಸಣ್ಣ ಕ್ಯಾಬಿನೆಟ್ಟುಗಳಿಗೆಂದೇ ಒಂದು ಅಳತೆ ಪ್ರಕಟಿಸಿತು: ಉದ್ದ 304, ದಪ್ಪ 50, ಎತ್ತರ 151 ಮಿಲಿಮೀಟರ್ ದಾಟಬಾರದು. ಆ 151ರಲ್ಲಿ ವೈರಿನ ಬಾಗೂ ಸೇರಿರಬೇಕು. ಆ ಸಾಲನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಎರಡು ದಶಕಗಳ ಬಳಿಕ ವೈರಿಗೂ ದೇಹವಿದೆ ಎಂದು ಯಾರೋ ಒಪ್ಪಿದರು. 151ರಲ್ಲಿ ವೈರಿನ 35 ಕಳೆದರೆ ಕಾರ್ಡಿಗೆ ಉಳಿಯುವುದು 116. ಸುತ್ತಿ ಸುತ್ತಿ ಹೆಚ್ಚುಕಡಿಮೆ ಹಳೆಯ 111.15ರ ಹತ್ತಿರಕ್ಕೇ ಬಂದು ನಿಂತಿದ್ದೀರಿ. ಆದರೆ ಆಗ ಆ ಮರ್ಯಾದೆ ಸಿಕ್ಕಿದ್ದು ಆರ್‌ಟಿಎಕ್ಸ್ 4070ರಿಂದ ಮೇಲಿನವರಿಗೆ. ಅದರ ಕೆಳಗಿನವರು ಎಂದಿನಂತೆ ಟೇಪು ಹಿಡಿದು ಅಳೆದುಕೊಳ್ಳಬೇಕಿತ್ತು. ಅದೂ ಕೂಡ ಸಲಹೆ, ಕಾನೂನಲ್ಲ. ಬೇಕಾದವರು ಪಾಲಿಸಬಹುದು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆರು ಸಾವಿರದ ಕಾರ್ಡಿರಲಿ, ಎರಡು ಲಕ್ಷದ ಕಾರ್ಡಿರಲಿ, ಡಬ್ಬದ ಮೇಲೆ ಎತ್ತರ ಬರೆಯುವಾಗ ವೈರು ಸಿಕ್ಕಿಸಿ, ಬಗ್ಗಿಸಿ, ಆಮೇಲೆ ಅಳೆದು ಬರೆಯಿರಿ. ಕನೆಕ್ಟರು ಬಾಲದಿಂದ ಎಷ್ಟು ದೂರದಲ್ಲಿದೆ ಎಂದು ಒಂದು ಗೆರೆ ಎಳೆದು ತೋರಿಸಿ. ಕ್ಯಾಬಿನೆಟ್ಟಿನವರೂ ಸ್ಲಾಟಿನಿಂದ ಬಾಗಿಲ ತಗಡಿನವರೆಗಿನ ನಿಜವಾದ ಅಂತರ ಅಚ್ಚು ಹಾಕಲಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಸ್ವಲ್ಪ ಮಸಿ ಸಾಕು. ಕರಗಿದ ಕನೆಕ್ಟರು ಹಿಡಿದು ಬಂದ ಗಿರಾಕಿಗೆ ‘ನೀನು ಸರಿಯಾಗಿ ಒತ್ತಲಿಲ್ಲ’ ಎನ್ನುವ ಮೊದಲು, ಒತ್ತಿದ ಮೇಲೆ ಬಾಗಿಲು ಮುಚ್ಚಲು ಅವನಿಗೆ ಜಾಗ ಬಿಟ್ಟಿದ್ದಿರಾ ಎಂದು ನಿಮ್ಮನ್ನು ಒಮ್ಮೆ ಕೇಳಿಕೊಳ್ಳಿ.

ನಂಬಿಕೆ ಬಾರದಿದ್ದರೆ ಬಂದು ನೋಡಿ. ದೂರವೇನಲ್ಲ. ಎನ್ವಿಡಿಯಾದ ಎಂಜಿನಿಯರುಗಳು ಬೆಂಗಳೂರಿನಲ್ಲೇ ಇದ್ದಾರೆ. ಕಾರ್ಡು ಮಾಡುವ ಇನ್ನೊಂದು ಕಂಪನಿ ಎಎಮ್‌ಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ಟೆಕ್ನೋಸ್ಟಾರನ್ನು 2023ರ ನವೆಂಬರಿನಲ್ಲಿ ಅಲ್ಲೇ ತೆರೆದಿದೆ. ಚನ್ನಪಟ್ಟಣ 60 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇಯಲ್ಲಿ ಬಂದರೆ ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕದಲ್ಲಿ ಬಿಟ್ಟು ಬೈಪಾಸಿನಲ್ಲಿ ಮದ್ದೂರಿನ ಕಡೆಗೆ ಹೊರಟುಹೋಗುತ್ತೀರಿ, ಹಳೆಯ ಹೆದ್ದಾರಿಯ ಆಟಿಕೆ ಅಂಗಡಿಗಳವರಿಗೆ ಅದೊಂದು ಬೇರೆ ನೋವು. ಬಿಡದಿಯಲ್ಲಿ ಇಳಿದು ಹಳೇ ರಸ್ತೆಯಲ್ಲೇ ಬನ್ನಿ. ತಟ್ಟೆ ಇಡ್ಲಿ ನನ್ನ ಲೆಕ್ಕ. ಬರುವಾಗ ಒಂದು ಟೇಪು ಹಿಡಿದುಕೊಂಡು ಬನ್ನಿ.

ಇತಿ,
ಚನ್ನಪಟ್ಟಣದ ಒಬ್ಬ ಗಿರಾಕಿ

ವಿ.ಸೂ.: ಇದನ್ನು ಓದಿ ಸಣ್ಣ ಸಿಸ್ಟಮ್ ಅಸೆಂಬಲ್ ಮಾಡಿಸಲು ಎಸ್‌.ಪಿ. ರಸ್ತೆಗೆ ಹೊರಟವರಿಗೆ ಒಂದು ಮಾತು. ಕಾರ್ಡು ಮಾಡುವವರು ಉತ್ತರ ಬರೆಯುವವರೆಗೆ ಕಾಯಬೇಡಿ. ಕಾರ್ಡಿನ ಎತ್ತರಕ್ಕೆ 35 ಮಿ.ಮೀ. ಕೂಡಿಸಿ, ಕ್ಯಾಬಿನೆಟ್ಟಿನ ಸ್ಲಾಟಿನಿಂದ ಬಾಗಿಲಿನವರೆಗೆ ನೀವೇ ಅಳೆದು ನೋಡಿ, ಅಂಗಡಿಯಲ್ಲೇ ವೈರು ಸಿಕ್ಕಿಸಿ ಪ್ಯಾನೆಲ್ ಮುಚ್ಚಿಸಿ. ಮುಚ್ಚಿದ ಮೇಲೆ ದುಡ್ಡು ಕೊಡಿ.